ಅಪ್ಪನ ಜನತಾ ವಾಚಿನ ಗೀರುಗಳು: ಪಾಲಿಶ್ ಮಾಡಿಸಲೇ?

ಯಾದಗಿರಿ ನಿರ್ವಾಹಕ:
ನಮಸ್ಕಾರ. ನಾನು ಬಸ್ ನಿರ್ವಾಹಕ, ಯಾದಗಿರಿ–ಶಹಾಪುರ ಮಾರ್ಗ. ಅಪ್ಪನ ಎಚ್‌ಎಂಟಿ ಜನತಾ ವಾಚಿಗೆ ದಿನಾ ಬೆಳಿಗ್ಗೆ ಚಾವಿ ಕೊಟ್ಟು ಎಡಗೈಗೆ ಕಟ್ಟಿಕೊಳ್ಳುತ್ತೇನೆ. ಬಸ್ ತುಂಬಿದಾಗ ಒಂದು ಕೈಯಲ್ಲಿ ಕಂಬಿ ಹಿಡಿದೇ ಟಿಕೆಟ್ ಕೊಡಬೇಕು. ಬ್ರೇಕ್ ಬಿದ್ದರೆ ವಾಚು ಹೋಗಿ ಕಂಬಿಗೆ ಬಡಿಯುತ್ತದೆ. ಗಾಜಿನ ಮೇಲೆ ಎಷ್ಟು ಗೀರುಗಳೆಂದರೆ, ಮಧ್ಯಾಹ್ನದ ಬಿಸಿಲಿನಲ್ಲಿ ಮುಳ್ಳು ಕಾಣುವುದಿಲ್ಲ, ಬೆಳ್ಳಗೆ ಜೇಡರ ಬಲೆಯೇ ಕಾಣುತ್ತದೆ.

ಆರು ಗಂಟೆಯ ಪಕ್ಕದ ಅಂಚಿನಲ್ಲಿ ಜೋಳದ ಕಾಳಿನಷ್ಟು ತಗ್ಗಿದೆ. ಅದು ನನ್ನದಲ್ಲ. ತೊಗರಿ ಚೀಲ ಇಳಿಸುವಾಗ ಚಕ್ಕಡಿಯ ಕಬ್ಬಿಣಕ್ಕೆ ತಾಗಿದ್ದೆಂದು ಅಪ್ಪ ಹೇಳುತ್ತಿದ್ದರು. ಪೇಟೆಯಲ್ಲಿ ಒಬ್ಬರು ಎಲ್ಲವನ್ನೂ ಉಜ್ಜಿ ಹೊಸದರಂತೆ ಮಾಡಿಕೊಡುತ್ತೇನೆ ಎನ್ನುತ್ತಾರೆ. ಮನಸ್ಸು ಒಪ್ಪುತ್ತಿಲ್ಲ. ಪೆಟ್ಟಿಗೆಯಲ್ಲಿ ಇಡುವುದಕ್ಕೂ ಮನಸ್ಸಿಲ್ಲ. ಏನು ಮಾಡಲಿ?

ಕಲಬುರಗಿ ವಾಚ್ ರಿಪೇರಿ:
ಅಣ್ಣಾ, ಉಜ್ಜಲು ಕೊಡಬೇಡಿ. ಮೊದಲು ಹಿಂದಿನ ಮುಚ್ಚಳ ಓದಿ. ‘ಸ್ಟೇನ್‌ಲೆಸ್ ಸ್ಟೀಲ್ ಬ್ಯಾಕ್’ ಎಂದಿದ್ದರೆ ಸ್ಟೀಲ್ ಇರುವುದು ಮುಚ್ಚಳಕ್ಕೆ ಮಾತ್ರ. ಮೇಲಿನ ಕೇಸು ಹಿತ್ತಾಳೆ, ಅದಕ್ಕೆ ಕ್ರೋಮ್ ಲೇಪ. ಯಂತ್ರಕ್ಕೆ ಹಿಡಿದರೆ ಲೇಪ ಹೋಗಿ ಹಳದಿ ಇಣುಕುತ್ತದೆ.

ಮೇಲಿರುವುದು ನಿಜವಾದ ಗಾಜಲ್ಲ, ಅಕ್ರಿಲಿಕ್ ಎಂಬ ಪ್ಲಾಸ್ಟಿಕ್. ಬೇಗ ಗೀರು ಬೀಳುತ್ತದೆ, ಉಜ್ಜಿದರೆ ಹೋಗುತ್ತದೆ. ಕೇಸಿನ ಸುತ್ತ ಟೇಪು ಅಂಟಿಸಿ, ಬಿಳಿ ಟೂತ್‌ಪೇಸ್ಟನ್ನು ಹತ್ತಿಬಟ್ಟೆಯಲ್ಲಿ ತೆಗೆದುಕೊಂಡು ಹತ್ತು ನಿಮಿಷ ವೃತ್ತಾಕಾರವಾಗಿ ತಿಕ್ಕಿ, ಹಿಂಡಿದ ಬಟ್ಟೆಯಿಂದ ಒರೆಸಿ. ನಲ್ಲಿಯ ಕೆಳಗೆ ಹಿಡಿಯಬೇಡಿ. ಉಗುರು ಸಿಕ್ಕಿಕೊಳ್ಳುವಷ್ಟು ಆಳದ ಗೀರು ಹೋಗುವುದಿಲ್ಲ. ಅದು ಕಣ್ಣಿಗೆ ಅಡ್ಡವಾದರೆ ಗಾಜನ್ನೇ ಬದಲಿಸಿ.

ಡಯಲಿನ ಮೇಲೆ ‘ಪ್ಯಾರಾ ಶಾಕ್’ ಎಂದಿದೆಯಲ್ಲ, ಒಳಗಿನ ಬ್ಯಾಲೆನ್ಸ್ ಚಕ್ರದ ಸೂಜಿಮೊನೆಯಂಥ ತುದಿಗಳನ್ನು ಪೆಟ್ಟಿನಿಂದ ಕಾಯುವ ಸ್ಪ್ರಿಂಗು ಅದು. ಆದರೂ ದಿನಾ ಕಂಬಿಗೆ ಬಡಿಯುತ್ತಿದ್ದರೆ ಒಮ್ಮೆ ಬಿಚ್ಚಿಸಿ ತೋರಿಸಿ.

ಹುಮನಾಬಾದ್ ಓದುಗ:
ನನ್ನ ಹೊಸ ವಾಚಿಗೂ ಟೂತ್‌ಪೇಸ್ಟ್ ಹಚ್ಚಿ ನೋಡಿದೆ. ಒಂದು ಗೀರೂ ಹೋಗಲಿಲ್ಲವಲ್ಲ?

ಕಲಬುರಗಿ ವಾಚ್ ರಿಪೇರಿ:
ನಿಮ್ಮದು ಮಿನರಲ್ ಗಾಜು, ಅಂದರೆ ನಿಜವಾದ ಗಾಜೇ ಇರಬೇಕು ಸರ್. ಅದಕ್ಕೆ ಪೇಸ್ಟು ನಾಟುವುದಿಲ್ಲ. ನಮ್ಮ ರಸ್ತೆಯ ಧೂಳಿನಲ್ಲಿರುವ ಮರಳಿನ ಕಣ ಆ ಗಾಜಿಗಿಂತ ಗಟ್ಟಿ. ಆದ್ದರಿಂದ ಅಂಗಿಯ ತೋಳಿನಿಂದ ಒಣಗಾಜನ್ನು ಒರೆಸುವ ಅಭ್ಯಾಸ ಬಿಡಿ, ಮೊದಲು ಊದಿ.

ಬೀದರ್ ಬಿದರಿ ಕೆಲಸಗಾರ:
ನಾನು ದಿನವಿಡೀ ಉಳಿ ಹಿಡಿದು ಲೋಹದ ಮೇಲೆ ಗೀರುವವನು. ಆ ಗೀರಿನಲ್ಲೇ ಬೆಳ್ಳಿಯ ತಂತಿ ಕೂರಿಸುತ್ತೇವೆ. ನಿಮ್ಮ ತಂದೆಯವರ ತಗ್ಗನ್ನು ಮುಟ್ಟಬೇಡಿ ಅಣ್ಣಾ. ಕೆಲಸದ ಹೊತ್ತಿನಲ್ಲಿ ವಾಚಿನ ಮುಖವನ್ನು ಮಣಿಕಟ್ಟಿನ ಒಳಬದಿಗೆ ತಿರುಗಿಸಿ ಕಟ್ಟಿ. ನಾನು ಹಾಗೆಯೇ ಕಟ್ಟುತ್ತೇನೆ, ಸುತ್ತಿಗೆಯ ಕೈಯಲ್ಲಿದ್ದೂ ಗಾಜು ಉಳಿದಿದೆ.

ಯಾದಗಿರಿ ನಿರ್ವಾಹಕ:
ಇಬ್ಬರಿಗೂ ಕೈಮುಗಿಯುತ್ತೇನೆ. ರಾತ್ರಿ ತಿಕ್ಕಿದೆ. ಹನ್ನೆರಡರ ಬಳಿ ಒಂದು ಉದ್ದ ಗೀರು ಉಳಿದಿದೆ, ಇರಲಿ. ಮುಳ್ಳುಗಳು ನಿಚ್ಚಳವಾಗಿ ಕಾಣುತ್ತಿವೆ. ಟೇಪಿನ ಸಂದಿಯಿಂದ ಅಪ್ಪನ ತಗ್ಗಿನೊಳಗೆ ಬಿಳಿ ಪೇಸ್ಟು ಸೇರಿಕೊಂಡಿತ್ತು. ಬೆಂಕಿಕಡ್ಡಿಯ ತುದಿಗೆ ಬಟ್ಟೆ ಸುತ್ತಿ, ಒತ್ತದೆ, ಮೆಲ್ಲಗೆ ತೆಗೆದೆ. ಬೆಳಗಿನ ಮೊದಲ ಸರತಿಗೆ ಮುಖ ಒಳಗೆ ಮಾಡಿಯೇ ಕಟ್ಟಿಕೊಂಡು ಹೊರಟಿದ್ದೇನೆ.