ನಾಲ್ಕನೇ ತರಗತಿಯ ಪರಿಸರ ಪಾಠಕ್ಕೆ ವೀಡಿಯೊ: ಕನ್ನಡ ಮಾಧ್ಯಮದವರು ಹೇಗೆ ಬಳಸುತ್ತಿದ್ದೀರಿ?

ಪ್ರಶ್ನೆ: ಎಲ್.ಪಿ. (ಕಿರಿಯ ಪ್ರಾಥಮಿಕ) ಅಧ್ಯಾಪಿಕೆ, ಕುಂಬಳೆ ಉಪಜಿಲ್ಲೆ, ಕಾಸರಗೋಡು (ಕೇರಳ)

ನಾನು ಕನ್ನಡ ಮಾಧ್ಯಮದಲ್ಲಿ ನಾಲ್ಕನೇ ತರಗತಿಗೆ ಪಾಠ ಮಾಡುತ್ತಿದ್ದೇನೆ. ಕೇರಳ ಸರಕಾರದ ಶಾಲಾ ತಂತ್ರಜ್ಞಾನ ಸಂಸ್ಥೆಯಾದ ಕೈಟ್‌ನ ಹೈಟೆಕ್ ಲ್ಯಾಬ್ ಯೋಜನೆಯಲ್ಲಿ ಬಂದ ಲ್ಯಾಪ್‌ಟಾಪ್, ಪ್ರೊಜೆಕ್ಟರ್, ಸ್ಪೀಕರ್ ಶಾಲೆಯಲ್ಲಿರುವುದರಿಂದ ಉಪಕರಣಗಳಿಗೆ ಕೊರತೆಯಿಲ್ಲ. ತೊಡಕಿರುವುದು ಏನನ್ನು ತೋರಿಸಬೇಕು ಎಂಬುದರಲ್ಲಿ. ಪರಿಸರ ಪಾಠಕ್ಕೆ ಸಿಗುವ ಒಳ್ಳೆಯ ವೀಡಿಯೊಗಳ ವಿವರಣೆ ಹೆಚ್ಚಾಗಿ ಮಲಯಾಳದಲ್ಲಿದ್ದು, ಮನೆಯಲ್ಲಿ ತುಳು ಅಥವಾ ಮರಾಠಿ ಮಾತನಾಡುವ ಮಕ್ಕಳಲ್ಲಿ ಹಲವರಿಗೆ ಅದು ಪೂರ್ತಿ ತಿಳಿಯುವುದಿಲ್ಲ. ಕರ್ನಾಟಕದ ಪಠ್ಯಕ್ಕೆಂದು ತಯಾರಿಸಿದ ಯೂಟ್ಯೂಬ್ ಪಾಠಗಳಲ್ಲಿ ಭಾಷೆ ಸರಿಯಿದ್ದರೂ ಪಾಠದ ಕ್ರಮ ನಮ್ಮದಲ್ಲ. ನಡುವೆ ಜಾಹೀರಾತು ಬಂತೆಂದರೆ ತರಗತಿಯ ಗಮನವೆಲ್ಲ ಅತ್ತ ಹೋಗುತ್ತದೆ. ಕೊರೊನಾದಿಂದ ಶಾಲೆ ಮುಚ್ಚಿದ್ದಾಗ, 2020ರ ಜೂನ್ 1ರಂದು, ಕೇರಳದಲ್ಲಿ ಆರಂಭವಾದ ಆನ್‌ಲೈನ್ ಪಾಠಮಾಲೆ ಫಸ್ಟ್ ಬೆಲ್‌ನ ಕನ್ನಡ ತರಗತಿಗಳು ಹಳೆಯ ಪುಸ್ತಕಕ್ಕೆ ಹೊಂದುವಂಥವು, ನಾಲ್ಕನೇ ತರಗತಿಯ ಪುಸ್ತಕವಾದರೋ 2025ರಲ್ಲಿ ಬದಲಾಗಿದೆ. ಇನ್ನೊಂದು ಮಾತು: ಅರ್ಧ ಗಂಟೆಯ ವೀಡಿಯೊವನ್ನು ಮಕ್ಕಳು ಸದ್ದಿಲ್ಲದೆ ನೋಡುತ್ತಾರೆ, ಆದರೆ ಬಳಿಕ ಕೇಳಿದರೆ ಅದರಲ್ಲಿ ಕುಣಿದ ಮೊಲದ ವಿಚಾರವನ್ನಷ್ಟೇ ಹೇಳುತ್ತಾರೆ. ಅನುಭವವುಳ್ಳವರು ದಯವಿಟ್ಟು ತಿಳಿಸಬೇಕು.

ಉತ್ತರ 1: ನಿವೃತ್ತ ಅಧ್ಯಾಪಕ, ಬದಿಯಡ್ಕ

ಟೀಚರ್, ಆ ಮೊಲವೇ ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ. ದೃಶ್ಯ ಮತ್ತು ಧ್ವನಿಯ ಮೂಲಕ ಕಲಿಯುವುದನ್ನು ದೀರ್ಘಕಾಲ ಅಧ್ಯಯನ ಮಾಡಿದ ಅಮೆರಿಕದ ಮನಶ್ಶಾಸ್ತ್ರಜ್ಞ ರಿಚರ್ಡ್ ಮೇಯರ್ ಅವರ ಮುಖ್ಯ ತೀರ್ಮಾನಗಳಲ್ಲಿ ಒಂದು, ಪಾಠಕ್ಕೆ ಸಂಬಂಧಪಡದ ಚಿತ್ರ, ಸಂಗೀತ, ಅಲಂಕಾರಗಳನ್ನು ತೆಗೆದುಹಾಕಿದಷ್ಟೂ ಕಲಿಕೆ ಹೆಚ್ಚುತ್ತದೆ ಎಂಬುದು. ಇನ್ನೊಂದು, ಒಂದೇ ಓಟದಲ್ಲಿ ತೋರಿಸುವ ಬದಲು ತುಂಡು ತುಂಡಾಗಿ ತೋರಿಸಿದರೆ ಹೆಚ್ಚು ನಿಲ್ಲುತ್ತದೆ ಎಂಬುದು. ಆದ್ದರಿಂದ ಪೂರ್ತಿ ವೀಡಿಯೊವನ್ನು ಹುಡುಕುವುದನ್ನೇ ಬಿಡಿ. ಎರಡು ನಿಮಿಷದ ದೃಶ್ಯ ಸಾಕು, ಅದನ್ನೂ ಧ್ವನಿ ತೆಗೆದು ಹಾಕಿ, ವಿವರಣೆಯನ್ನು ನೀವೇ ಹೇಳಿ. ಆಗ ಮೂಲ ವಿವರಣೆ ಮಲಯಾಳದಲ್ಲಿದ್ದರೇನು, ಇಂಗ್ಲಿಷಿನಲ್ಲಿದ್ದರೇನು? ನಡುವೆ ನಿಲ್ಲಿಸಿ, "ಇನ್ನು ಏನಾಗಬಹುದು?" ಎಂದು ಕೇಳಿ, ಮಕ್ಕಳ ಉತ್ತರಗಳನ್ನು ಬೋರ್ಡಿನಲ್ಲಿ ಬರೆದ ಮೇಲೆಯೇ ಮುಂದಕ್ಕೆ ಓಡಿಸಿ. ತಾನು ಹೇಳಿದ್ದು ಸರಿಯಾಯಿತೋ ಇಲ್ಲವೋ ಎಂದು ನೋಡಲು ಕೂತ ಮಗುವಿನ ಗಮನವೇ ಬೇರೆ.

ಮಗು ಕೈಯಲ್ಲಿ ಹಿಡಿದು ನೋಡಬಹುದಾದುದನ್ನು ಪರದೆಯ ಮೇಲೆ ತೋರಿಸಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಅಡಿಕೆ ತೋಟದ ನಡುವೆಯೇ ಇರುವ ಶಾಲೆಯಲ್ಲಿ ಅಡಿಕೆ ಸಿಂಗಾರದ ವೀಡಿಯೊ ಏತಕ್ಕೆ? ಕಣ್ಣಿಗೆ ನಿಲುಕದಷ್ಟು ನಿಧಾನವಾದುದು, ಅತಿ ವೇಗದ್ದು, ತೀರಾ ಸಣ್ಣದು, ಹೋಗಲಾಗದಷ್ಟು ದೂರದ್ದು ಅಥವಾ ಅಪಾಯದ್ದು, ಇಂಥವಕ್ಕೆ ಮಾತ್ರ ವೀಡಿಯೊ ಬೇಕು. ನೀರಿನ ಪಾಠಕ್ಕೆ ನಮ್ಮ ಸುರಂಗಗಳನ್ನೇ ತೆಗೆದುಕೊಳ್ಳಿ. ಮುರಕಲ್ಲಿನ (ಜಂಬಿಟ್ಟಿಗೆಯ) ಗುಡ್ಡಕ್ಕೆ ಅಡ್ಡವಾಗಿ ಕೊರೆದ ಸುರಂಗದೊಳಗೆ ನೀರು ಒಸರಿ, ಪಂಪಿನ ಹಂಗಿಲ್ಲದೆ ತಾನಾಗಿ ಹರಿದು ಹೊರಗಿನ ಟ್ಯಾಂಕಿಗೆ ಬೀಳುವುದನ್ನು ಎಣ್ಮಕಜೆ, ಬಾಯಾರು ಕಡೆಯ ಮಕ್ಕಳು ದಿನವೂ ನೋಡುತ್ತಾರೆ, ಆದರೆ ಒಳಗೆ ನೀರು ಒಸರುವ ಗೋಡೆಯನ್ನು ನೋಡಿದವರು ಕಡಿಮೆ. ಮಕ್ಕಳನ್ನು ಆ ಕತ್ತಲೆಗೆ ಕರೆದೊಯ್ಯುವಂತಿಲ್ಲ. ಸುರಂಗದ ಕೆಲಸ ಬಲ್ಲ ಹಿರಿಯರೊಬ್ಬರು ಒಳಗೆ ಹೋಗಿ ಟಾರ್ಚ್ ಬೆಳಕಿನಲ್ಲಿ ಮೊಬೈಲಿನಿಂದ ತೆಗೆದುಕೊಟ್ಟ ಒಂದು ನಿಮಿಷದ ದೃಶ್ಯ ಯಾವ ಪೋರ್ಟಲಿನಲ್ಲೂ ಸಿಗುವಂಥದ್ದಲ್ಲ.

ಉತ್ತರ 2: ಯು.ಪಿ. (ಹಿರಿಯ ಪ್ರಾಥಮಿಕ) ಅಧ್ಯಾಪಕ, ಮಂಜೇಶ್ವರ

ಪ್ರತಿ ಸಲ ಬಾಯಲ್ಲೇ ವಿವರಿಸಲು ಆಗದವರು ಅಡಾಸಿಟಿಯಲ್ಲಿ ತಮ್ಮ ಧ್ವನಿಯನ್ನು ರೆಕಾರ್ಡ್ ಮಾಡಿ, ಓಪನ್‌ಶಾಟ್‌ನಲ್ಲಿ ಮೂಲ ಧ್ವನಿಯ ಜಾಗಕ್ಕೆ ಸೇರಿಸಬಹುದು. ಎರಡೂ ಉಚಿತ ತಂತ್ರಾಂಶಗಳು. ಹಾಗೆ ಬದಲಾಯಿಸಲು ಕ್ರಿಯೇಟಿವ್ ಕಾಮನ್ಸ್ ಎಂಬ ಮುಕ್ತ ಬಳಕೆಯ ಪರವಾನಗಿಯಲ್ಲಿ ಮಾರ್ಪಾಡಿಗೆ ಅನುಮತಿ ಇರುವ ದೃಶ್ಯಗಳನ್ನೇ ಆರಿಸಿಕೊಳ್ಳಿ; ವಿಕಿಮೀಡಿಯ ಕಾಮನ್ಸ್ ಎಂಬ ಜಾಲತಾಣದ ಸಂಗ್ರಹದಲ್ಲಿ ಇಂಥವು ಬೇಕಾದಷ್ಟಿವೆ. ಡೌನ್‌ಲೋಡ್ ಮಾಡಿ ಇಟ್ಟುಕೊಂಡರೆ ಜಾಹೀರಾತಿನ ಕಾಟವೂ ಇಲ್ಲ, ನೆಟ್ ಹೋಯಿತೆಂಬ ಚಿಂತೆಯೂ ಇಲ್ಲ.

ಉತ್ತರ 3: ಎಲ್.ಪಿ. ಅಧ್ಯಾಪಿಕೆ, ಮುಳ್ಳೇರಿಯ

ಬದಿಯಡ್ಕದ ಮಾಸ್ಟ್ರ ಮಾತನ್ನು ಬಹುಮಟ್ಟಿಗೆ ಒಪ್ಪುತ್ತೇನೆ, ಆದರೆ ಮೇಯರ್ ಅವರನ್ನು ಹಾಗೆಯೇ ನಮ್ಮ ತರಗತಿಗೆ ತರುವಾಗ ಒಂದು ವಿಷಯದಲ್ಲಿ ಎಚ್ಚರ ಬೇಕು. ಮಾತು ಕೇಳಿಸುತ್ತಿರುವಾಗ ಅದೇ ಮಾತನ್ನು ಪರದೆಯ ಮೇಲೆ ಬರೆದು ತೋರಿಸುವುದು ಗಮನಕ್ಕೆ ಹೊರೆ ಎಂದು ಅವರು ಹೇಳುತ್ತಾರೆ. ವಿಜ್ಞಾನದ ವಿವರಣೆಗೆ ಅದು ಸರಿಯಿರಬಹುದು. ಓದುವ ಅಭ್ಯಾಸಕ್ಕೆ ಬಂದಾಗ ಲೆಕ್ಕ ಬೇರೆಯಾಗುತ್ತದೆ. ಹಾಡಿನ ಸಾಲುಗಳನ್ನು ಅದೇ ಭಾಷೆಯಲ್ಲಿ ಪರದೆಯ ಕೆಳಗೆ ತೋರಿಸುತ್ತ ಓದುವುದನ್ನು ರೂಢಿ ಮಾಡಿಸುವ ಆಲೋಚನೆಯನ್ನು ಬ್ರಿಜ್ ಕೊಠಾರಿ ಅವರು 1996ರಲ್ಲಿ ಮುಂದಿಟ್ಟು, ಅಹಮದಾಬಾದಿನ ಐ.ಐ.ಎಂ.ನಲ್ಲಿ ಬೆಳೆಸಿದರು. ಮನೆಯಲ್ಲಿ ಕನ್ನಡ ಕಿವಿಗೆ ಬೀಳದ ಮಕ್ಕಳಿಗೆ ಅಕ್ಷರವೂ ಉಚ್ಚಾರವೂ ಒಟ್ಟಿಗೆ ಸಿಗುವ ಸಂದರ್ಭಗಳು ಕಡಿಮೆ. ಆದ್ದರಿಂದ ನಾನು ಪರಿಸರ ಪಾಠದ ದೃಶ್ಯಗಳಿಗೆ ಬರಹ ಹಾಕುವುದಿಲ್ಲ, ಪದ್ಯಗಳಿಗೆ ತಪ್ಪದೆ ಹಾಕುತ್ತೇನೆ.

ನಿಧಾನವಾದುದಕ್ಕೆ ಒಂದು ಉದಾಹರಣೆ: ಮಕ್ಕಳು ಒದ್ದೆ ಬಟ್ಟೆಯಲ್ಲಿ ಹೆಸರುಕಾಳು ಕಟ್ಟಿಡುವ ದಿನವೇ ಇನ್ನೊಂದಿಷ್ಟು ಕಾಳುಗಳ ಎದುರು ಮೊಬೈಲನ್ನು ಟೈಮ್‌ಲ್ಯಾಪ್ಸ್‌ನಲ್ಲಿ (ಗಂಟೆಗಟ್ಟಲೆ ನಡೆಯುವುದನ್ನು ಸ್ವಲ್ಪ ಹೊತ್ತಿನಲ್ಲಿ ತೋರಿಸುವ ವಿಧಾನ) ಇಟ್ಟು, ಚಾರ್ಜರ್ ಸಿಕ್ಕಿಸಿ, ಸಣ್ಣ ದೀಪ ಉರಿಸಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಮಕ್ಕಳು ಮೊದಲು ತಮ್ಮ ಕಾಳು ಬಿಚ್ಚಿ ನೋಡಲಿ, ಆಮೇಲೆ ರಾತ್ರಿ ನಡೆದದ್ದನ್ನು ಗೋಡೆಯ ಮೇಲೆ ನೋಡಲಿ.

ಇನ್ನು ಜೂನ್, ಜುಲೈ ತಿಂಗಳಲ್ಲಿ ಶೀಟಿನ ಮಾಡಿನ ಮೇಲೆ ಮಳೆ ಹೊಡೆಯುವಾಗ ಸ್ಪೀಕರ್ ಎಷ್ಟು ಜೋರು ಇಟ್ಟರೂ ಕೇಳಿಸದು. ಧ್ವನಿ ಬೇಕೇಬೇಕಾದ ಪಾಠವನ್ನು ಆ ದಿನಗಳಿಗೆ ಇಟ್ಟುಕೊಳ್ಳದಿರುವುದು ಒಳ್ಳೆಯದು.

ಪ್ರಶ್ನೆ ಕೇಳಿದವರು:

ಎಲ್ಲರಿಗೂ ಧನ್ಯವಾದಗಳು. ಸುರಂಗದ ದೃಶ್ಯಕ್ಕೆ ಒಬ್ಬ ವಿದ್ಯಾರ್ಥಿಯ ಅಜ್ಜನವರನ್ನು ಕೇಳಿಕೊಳ್ಳುತ್ತೇನೆ. ಮಕ್ಕಳೇ ವಿವರಣೆ ಹೇಳುವಂತೆ ಮಾಡಿ ಅದನ್ನು ಪಿ.ಟಿ.ಎ. (ರಕ್ಷಕ-ಶಿಕ್ಷಕ ಸಂಘ) ವಾಟ್ಸಾಪ್ ಗುಂಪಿಗೆ ಹಾಕಬಹುದೇ?

ಉತ್ತರ 3ರವರು:

ಮಕ್ಕಳ ಧ್ವನಿ ಮಾತ್ರವಾದರೂ ಹೆತ್ತವರ ಒಪ್ಪಿಗೆಯನ್ನು ಬರಹದಲ್ಲಿ ಪಡೆದುಕೊಳ್ಳಿ, ಮುಖ್ಯೋಪಾಧ್ಯಾಯರಿಗೂ ಮೊದಲೇ ತಿಳಿಸಿ. ಮುಖ ಕಾಣುವ ದೃಶ್ಯಗಳನ್ನು ಗುಂಪಿಗೆ ಹಾಕದೆ ತರಗತಿಯಲ್ಲೇ ತೋರಿಸಿ.