ಜಪಾನಿನಲ್ಲಿ ಇಂಗ್ಲಿಷ್ ಕಲಿಸುವವರ ಸ್ಕಿಲ್ ಡೆವಲಪ್‌ಮೆಂಟ್ ಕಾನ್ಫರೆನ್ಸ್: ಹೊರಡುವ ಮುಂಚೆ ಏನೇನು ನೋಡಿಕೊಳ್ಳಬೇಕು?

ಪ್ರಶ್ನೆ: ಹೊರದೇಶದವರನ್ನು ಜಪಾನಿನ ಶಾಲೆಗಳಿಗೆ ಕರೆಸಿಕೊಳ್ಳುವ ಜೆಟ್ ಕಾರ್ಯಕ್ರಮದಲ್ಲಿ ನಾನು ಎಎಲ್‌ಟಿ, ಅಂದರೆ ಸಹಾಯಕ ಭಾಷಾ ಶಿಕ್ಷಕಿ. ಒಂದು ಪ್ರೈಮರಿ, ಒಂದು ಜೂನಿಯರ್ ಹೈಸ್ಕೂಲ್. ಮುಂದಿನ ತಿಂಗಳು ನಮ್ಮ ಪ್ರಿಫೆಕ್ಚರ್‌ನ, ಅಂದರೆ ಪ್ರಾಂತ್ಯದ ಕಾನ್ಫರೆನ್ಸ್, ಎರಡು ದಿನ. ಜಪಾನಿ ಶಿಕ್ಷಕರ ಜೊತೆ 15 ನಿಮಿಷದ ಮಾದರಿ ಪಾಠ ಮಾಡಬೇಕಂತೆ. ನಾನು ಸಸ್ಯಾಹಾರಿ. ಹೋಗಿಬಂದವರು ದಯವಿಟ್ಟು ಹೇಳಿ.

ಉತ್ತರ 1: ಮೊದಲು ಕಾಗದಪತ್ರ, ಪಾಠ ಆಮೇಲೆ. ಇದು ರಜೆಯಲ್ಲ ಮೇಡಂ, ‘ಶುಚ್ಚೋ’, ಅಂದರೆ ಕೆಲಸದ ಮೇಲೆ ಹೊರಗೆ ಹೋಗೋದು. ನಮ್ಮೂರ ಶಾಲೆಗಳಲ್ಲಿ ಓಓಡಿ ಅಂತೀವಲ್ಲ, ಅದೇ. ತಪ್ಪಿ ‘ನೆನ್‌ಕ್ಯೂ’ ಹಾಳೆಯಲ್ಲಿ ಬರೆದುಕೊಟ್ಟರೆ ನಿಮ್ಮ ವಾರ್ಷಿಕ ರಜೆಯಲ್ಲೇ ಎರಡು ದಿನ ಹೋಗುತ್ತೆ, ಟಿಎ ಕೂಡ ಸಿಗಲ್ಲ. ಸುತ್ತೋಲೆ ಕೈಗೆ ಬಂದ ದಿನವೇ ಕ್ಯೋತೊ-ಸೆನ್ಸೆಯವರಿಗೆ, ಅಂದರೆ ಉಪ ಮುಖ್ಯೋಪಾಧ್ಯಾಯರಿಗೆ ತೋರಿಸಿ. ಎರಡು ಶಾಲೆ ಇರೋದರಿಂದ ಎರಡೂ ಕಡೆ ಹೇಳಬೇಕು. ಒಂದು ಶಾಲೆಗೆ ಗೊತ್ತಾದರೆ ಇನ್ನೊಂದಕ್ಕೂ ಗೊತ್ತಾಗುತ್ತೆ ಅಂದುಕೊಂಡೇ ಎಡವಟ್ಟಾಗೋದು. ಪ್ರಯಾಣದ ಹಣ ಸಾಮಾನ್ಯವಾಗಿ ಕಡಿಮೆ ಖರ್ಚಿನ ದಾರಿಯ ಲೆಕ್ಕದಲ್ಲಿ, ಮುಗಿಸಿ ಬಂದ ಮೇಲೆ ಖಾತೆಗೆ ಬರುತ್ತೆ. ಶಿಂಕನ್‌ಸೆನ್ ಬುಲೆಟ್ ರೈಲು, ಟ್ಯಾಕ್ಸಿ, ಸ್ವಂತ ಕಾರು ಅಂದರೆ ಮೊದಲೇ ಒಪ್ಪಿಗೆ ಬೇಕು. ಹೋಟೆಲಿನಲ್ಲಿ ‘ರ್ಯೋಶೂಶೋ’ ಕೇಳಿ ಪಡೆಯಿರಿ. ಅದು ರಸೀದಿ, ಬುಕಿಂಗ್ ಸ್ಕ್ರೀನ್‌ಶಾಟ್ ನಂಬಿಕೊಳ್ಳಬೇಡಿ.

ಉತ್ತರ 2: ಊಟದ ಬಗ್ಗೆ ಮಾತ್ರ ಹೇಳ್ತೀನಿ. ಆಯೋಜಕರು ತರಿಸುವ ಬೆಂತೊ, ಅಂದರೆ ಊಟದ ಡಬ್ಬಿ ಬೇಡ ಅಂತ ಮೊದಲೇ ತಿಳಿಸಿ. ಮೀನಿನ ತುಂಡು ಪಕ್ಕಕ್ಕಿಟ್ಟರೂ ಪಲ್ಯ ಬೇಯಿಸಿದ ‘ದಾಶಿ’ ಸಾರಿನಲ್ಲಿ ಸಾಮಾನ್ಯವಾಗಿ ಕತ್ಸುಒ ಮೀನು ಇರುತ್ತೆ. ಅಂಗಡಿಯ ಒನಿಗಿರಿಯಲ್ಲಿ, ಅಂದರೆ ಅನ್ನದ ಉಂಡೆಯಲ್ಲಿ, ಉಪ್ಪಿನದು, ‘ಉಮೆ’ ಅನ್ನೋ ಹುಳಿ ಹಣ್ಣಿನದು ನೋಡಬಹುದು, ಅದರ ಲೇಬಲ್ಲನ್ನೂ ಓದಿಯೇ ತಗೊಳ್ಳಿ. ಚಿತ್ರಾನ್ನ ಕಟ್ಟಿಕೊಂಡು ಹೋಗೋದೇ ವಾಸಿ.

ಉತ್ತರ 3: ಮಾದರಿ ಪಾಠದಲ್ಲಿ ಎಲ್ಲರೂ ಮಾಡುವ ತಪ್ಪು, 50 ನಿಮಿಷದ ಪಾಠವನ್ನು 15ಕ್ಕೆ ತುರುಕೋದು. ಒಂದೇ ಚಟುವಟಿಕೆ ಸಾಕು. ಯಾವ ತರಗತಿ, ಏನು ಗುರಿ ಅಂತ 2 ನಿಮಿಷ, ಚಟುವಟಿಕೆ 8, ಉಳಿದ 5 ಪ್ರಶ್ನೆಗಳಿಗೆ.

ತರಗತಿ ಯಾವುದು ಅನ್ನೋದು ಮುಖ್ಯ. 2020ರಿಂದ 5, 6ನೇ ತರಗತಿಗೆ ಇಂಗ್ಲಿಷ್ ಪೂರ್ಣ ವಿಷಯ, ವರ್ಷಕ್ಕೆ 70 ಪೀರಿಯಡ್, ಮೌಲ್ಯಮಾಪನವೂ ಇದೆ. 3, 4ನೇ ತರಗತಿಗೆ ಬರೀ ಚಟುವಟಿಕೆ, 35 ಪೀರಿಯಡ್, ಕೇಳೋದು-ಮಾತಾಡೋದೇ ಪ್ರಧಾನ. ಜೂನಿಯರ್ ಹೈಸ್ಕೂಲಿನ ಬರವಣಿಗೆ ಆಟವನ್ನು 3ನೇ ತರಗತಿಗೆ ಅಂತ ತೋರಿಸಿದರೆ ಮೊದಲ ಆಕ್ಷೇಪಣೆ ಅಲ್ಲೇ ಬರುತ್ತೆ.

ಪಾಠ ಯೋಜನೆ ಎ4 ಒಂದು ಪುಟ, ಮೂರು ಕಾಲಂ: ಜಪಾನಿ ಶಿಕ್ಷಕರು, ಎಎಲ್‌ಟಿ, ಮಕ್ಕಳು. ಬರೆದಾದ ಮೇಲೆ ಮೊದಲ ಕಾಲಂ ನೋಡಿ. ಖಾಲಿಯಿದ್ದರೆ ಅದು ಜೊತೆಪಾಠವಲ್ಲ, ನಿಮ್ಮದೊಂದೇ ಪ್ರದರ್ಶನ. ಸೂಚನೆಗಳನ್ನು ಬಾಯಲ್ಲಿ ವಿವರಿಸುವ ಬದಲು ಇಬ್ಬರೂ ಸೇರಿ ಸಂಭಾಷಣೆಯನ್ನು ಎರಡು ಸಲ ಆಡಿ ತೋರಿಸಿ. ಅಲ್ಲಿ ಮಕ್ಕಳಾಗಿ ಕೂರುವವರು ಇಂಗ್ಲಿಷ್ ಬಲ್ಲ ದೊಡ್ಡವರು. ಅವರಿಗೆ ಒಂದೇ ನಿಮಿಷದಲ್ಲಿ ಅರ್ಥವಾದದ್ದಕ್ಕೆ ನಿಜವಾದ ತರಗತಿಯಲ್ಲಿ ಐದು ನಿಮಿಷ ಹಿಡಿಯಬಹುದು.

ಮತ್ತೆ, ಚೌಕದ ಮನೆಗಳಿಗೆ ಟಿಕ್ ಹಾಕುವ ಬಿಂಗೊ ಆಟ ಒಂದನ್ನು ಬಿಟ್ಟು ಏನಾದರೂ ತನ್ನಿ.

ಉತ್ತರ 4: ಬಿಂಗೊ ಪಾಪ ಏನು ಮಾಡಿತು? ‘ಕ್ಯಾನ್ ಯೂ ಸ್ವಿಮ್?’ ಅಂತ ಕೇಳೋ ಬದಲು ಮಕ್ಕಳು ಹಾಳೆಯನ್ನೇ ಪಕ್ಕದವನಿಗೆ ತೋರಿಸಿ ಟಿಕ್ ಹಾಕಿಸಿಕೊಳ್ತಾರೆ, ತೊಂದರೆ ಅಲ್ಲಿರೋದು. 16 ಮನೆ ಬೇಡ, 9 ಇಡಿ. ಹಾಳೆ ಎದೆಗೆ ಒತ್ತಿಕೊಂಡೇ ಕೇಳಬೇಕು, ಉತ್ತರ ಕೊಟ್ಟವರು ಇನ್ನೊಂದು ವಾಕ್ಯ ಸೇರಿಸಬೇಕು ಅಂತ ನಿಯಮ ಮಾಡಿ. ಆಗ ಅದೂ ಮಾತಿನ ಆಟವೇ.

ಊರಿಂದ ತಂದ ಲ್ಯಾಪ್‌ಟಾಪ್ ಆದರೆ ಚಾರ್ಜರ್ ಮೇಲೆ 100–240 ವೋಲ್ಟ್ ಅಂತ ಇದೆಯಾ ನೋಡಿ. ಇಲ್ಲಿ 100 ವೋಲ್ಟ್, ಎರಡು ಚಪ್ಪಟೆ ಪಿನ್. ನಮ್ಮ ಮೂರು ಗುಂಡು ಪಿನ್ನಿಗೆ ಅಡಾಪ್ಟರ್ ಬೇಕೇ ಬೇಕು. ವೈಫೈ ನೆಚ್ಚಿಕೊಳ್ಳದೆ ವಿಡಿಯೊ ಇಳಿಸಿಟ್ಟುಕೊಳ್ಳಿ, ಸ್ಲೈಡ್‌ಗಳ ಪಿಡಿಎಫ್ ಪ್ರತಿಯೂ ಇರಲಿ. ಮಕ್ಕಳ ಮುಖ ಅಥವಾ ಹೆಸರಿನ ಚೀಟಿ ಕಾಣುವ ಫೋಟೊ ಶಾಲೆಯ ಒಪ್ಪಿಗೆ ಇಲ್ಲದೆ ತೋರಿಸಲೇಬೇಡಿ. ಶಾಲೆಯ ಕಡತ ಯುಎಸ್‌ಬಿಯಲ್ಲಿ ಹೊರಗೆ ಒಯ್ಯೋದಕ್ಕೂ ಮೊದಲು ಕೇಳಿ.

ಉತ್ತರ 1: ಒಂದು ಮರೆತಿದ್ದೆ. ಬಂದ ಮೇಲೆ ‘ಹೋಕೊಕುಶೊ’, ಅಂದರೆ ವರದಿ ಕೇಳಬಹುದು. ಯಾವ ಗೋಷ್ಠಿ, ಏನು ಕಲಿತದ್ದು, ನಮ್ಮ ಶಾಲೆಯಲ್ಲಿ ಯಾವ ತರಗತಿಗೆ ಬಳಸುತ್ತೇನೆ ಅಂತ ಒಂದು ಪುಟ ಸಾಕು. ವಾಪಸ್ ಬರುವಾಗ ರೈಲಿನಲ್ಲೇ ಬರೆದುಬಿಡಿ, ಸೋಮವಾರ ನೆನಪಿರಲ್ಲ. ಸ್ಟಾಫ್‌ರೂಮಿಗೆ ಸಿಹಿ ಒಯ್ಯುವುದಾದರೆ ಒಂದೊಂದನ್ನೂ ಬಿಡಿಬಿಡಿಯಾಗಿ ಸುತ್ತಿರುವ ಡಬ್ಬಿ ತಗೊಳ್ಳಿ, ತಲೆ ಎಣಿಸಿ. ನಿಮಗೆ ಎರಡು ಶಾಲೆ, ಎರಡು ಡಬ್ಬಿ.