ಪದಚರ್ಚೆ: ಮಾನಿಟರಿನ ‘ರೆಸಲ್ಯೂಶನ್’ಗೆ ಕನ್ನಡದಲ್ಲಿ ಏನನ್ನೋಣ? (ಜರೂರು)

ಕಲಬುರಗಿಯಿಂದ:
ಎಲ್ಲರಿಗೂ ನಮಸ್ಕಾರ. ನಮ್ಮ ಓಣಿಯ ವಾಚನಾಲಯದ ಹಳೇ ಡೆಸ್ಕ್‌ಟಾಪ್‌ಗಳಿಗೆ ಲಿನಕ್ಸ್ (ಎಲ್ಲರೂ ತಿದ್ದಬಹುದಾದ ಮುಕ್ತ ಆಪರೇಟಿಂಗ್ ಸಿಸ್ಟಮ್) ಹಾಕಿದ್ದೇವೆ. ಗೋಡೆಗೆ ಅಂಟಿಸೋ ಒಂದು ಸಹಾಯದ ಹಾಳೆ ನಾಳೆ ಬೆಳಿಗ್ಗೆ ಪ್ರಿಂಟಿಗೆ ಹೋಗಬೇಕು. ಮಾನಿಟರ್‌ಗಳು 1366×768ರವು (ಅಡ್ಡಕ್ಕೆ 1366, ಉದ್ದಕ್ಕೆ 768 ಚುಕ್ಕಿ), ಆದರೆ ಆನ್ ಮಾಡಿದರೆ 1024×768ಕ್ಕೆ ನಿಂತುಬಿಡುತ್ತವೆ. ಅಕ್ಷರವೆಲ್ಲ ಅಡ್ಡಕ್ಕೆ ಹಿಗ್ಗುತ್ತದೆ, ಒತ್ತಕ್ಷರ ಮಸುಕು ಮಸುಕು. ತಲೆಬರಹಕ್ಕೆ ‘ಪರದೆಯ ಇಂಥದ್ದು ಸರಿ ಇಲ್ಲದಿದ್ದರೆ’ ಅಂತ ಬರೆಯಬೇಕು. ಆ ‘ಇಂಥದ್ದು’ ಯಾವುದು? ಯಂತ್ರಾನುವಾದ ‘ಪರದೆಯ ನಿರ್ಣಯ’ ಅಂತ ಕೊಟ್ಟಿತು. ಇಲ್ಲಿ ಅದನ್ನು ಓದಿದವರು ಪಂಚಾಯಿತಿಯ ಠರಾವು ಅಂದುಕೊಳ್ಳುತ್ತಾರೆ.

ಬೀದರ್‌ನಿಂದ:
‘ನಿರ್ಣಯ’ ಬೇಡವೇ ಬೇಡ. ‘ರೆಸಲ್ಯೂಶನ್’ ಕೂಡ ಬೇಡ. ಲ್ಯಾಟಿನ್‌ನಲ್ಲಿ ಅದರ ಬೇರಿನ ಅರ್ಥ ಬಿಡಿಸುವುದು, ಸಡಿಲಿಸುವುದು. ನಮ್ಮಲ್ಲಿ ‘ಬಿಡಿ’ ಇದೆ, ‘ಬಿಡಿಸು’ ಇದೆ. ‘ಬಿಡಿಕೆ’ ಅನ್ನಿ. ಹೊಸದು ಅಂತ ಹೆದರಬೇಡಿ, ನಾಲ್ಕು ದಿನ ಬಳಸಿದರೆ ಹಳೇದಾಗುತ್ತದೆ. ಅದೂ ಒಪ್ಪದಿದ್ದರೆ ‘ಚುಕ್ಕಿದಟ್ಟಣೆ’.

ಸೇಡಂನಿಂದ:
‘ಬಿಡಿಕೆ’ ಅಂದರೆ ನಮ್ಮಲ್ಲಿ ಯಾರಿಗೂ ತಿಳಿಯುವುದಿಲ್ಲ. ವಿಜ್ಞಾನ ಪಾಠ ಮಾಡುವವನಾಗಿ ಹೇಳುತ್ತೇನೆ, ಹತ್ತಿರದ ಎರಡು ಚುಕ್ಕಿಗಳನ್ನು ಬೇರೆ ಬೇರೆಯಾಗಿ ತೋರಿಸುವ ಶಕ್ತಿಗೆ ‘ಪೃಥಕ್ಕರಣ’ವೇ ಸರಿ.

ಬೀದರ್‌ನಿಂದ:
ಅದನ್ನು ಒಂದು ಸಲ ತಡವರಿಸದೆ ಜೋರಾಗಿ ಓದಿ, ಆಮೇಲೆ ಮಾತಾಡೋಣ.

ಯಾದಗಿರಿಯಿಂದ:
ಇಬ್ಬರೂ ಸ್ವಲ್ಪ ನಿಲ್ಲಿ. ಇಲ್ಲಿ ‘ದಟ್ಟಣೆ’ ತಪ್ಪು. ಒಂದು ಇಂಚಿನಲ್ಲಿ ಎಷ್ಟು ಚುಕ್ಕಿ ಅನ್ನೋದು ದಟ್ಟಣೆ. ಸೆಟ್ಟಿಂಗ್ಸ್‌ನಲ್ಲಿ ನಾವು ಬದಲಿಸೋದು ಅಡ್ಡಕ್ಕೆ ಎಷ್ಟು, ಉದ್ದಕ್ಕೆ ಎಷ್ಟು ಅನ್ನೋ ಲೆಕ್ಕ. ‘ಪರದೆಯ ಅಳತೆ’ ಅಂತಲೂ ಬರೆಯಬೇಡಿ, ಜನ ಹದಿನೆಂಟೂವರೆ ಇಂಚು ಅಂದುಕೊಳ್ಳುತ್ತಾರೆ. ‘ಪೃಥಕ್ಕರಣ’ ಸೂಕ್ಷ್ಮದರ್ಶಕಕ್ಕೆ ಸರಿ, ಗೋಡೆಯ ಹಾಳೆಗಲ್ಲ.

ಅದಿರಲಿ, ಪದಕ್ಕಿಂತ ಮೊದಲು ಕೇಬಲ್ ನೋಡಿ. ಮಾನಿಟರ್ ತನಗೆ ಯಾವ ರೆಸಲ್ಯೂಶನ್ ಆಗುತ್ತದೆ ಅನ್ನೋದನ್ನು ಇಡಿಐಡಿ ಅನ್ನೋ ಪುಟ್ಟ ಮಾಹಿತಿಯಲ್ಲಿ ಕಂಪ್ಯೂಟರಿಗೆ ಕಳಿಸುತ್ತದೆ. ಮಾನಿಟರನ್ನು ಕಂಪ್ಯೂಟರಿಗೆ ಜೋಡಿಸೋ ವಿಜಿಎ ಕೇಬಲ್‌ನಲ್ಲಿ ಅದು ಹೋಗೋದು 12 ಮತ್ತು 15ನೇ ಪಿನ್‌ನಲ್ಲಿ. ಆ ಪಿನ್ ಮುರಿದಿದ್ದರೆ, ಇಲ್ಲವೇ ಅಗ್ಗದ ಕೇಬಲ್‌ನಲ್ಲಿ ಆ ತಂತಿಯೇ ಇರದಿದ್ದರೆ, ಚಿತ್ರ ಬರುತ್ತದೆ, ಮಾಹಿತಿ ಮಾತ್ರ ಬರೋದಿಲ್ಲ. ಆಗ ಲಿನಕ್ಸ್ ಸುಮ್ನೆ 1024×768 ಹಿಡಿದುಕೊಂಡು ಕೂರುತ್ತದೆ. 9ನೇ ಪಿನ್ ಇಲ್ಲದಿರೋದು ಮಾಮೂಲು, ಅದನ್ನು ನೋಡಿ ಗಾಬರಿ ಬೇಡ. ಕಂಪ್ಯೂಟರ್ ಆನ್ ಆದಾಗ ಲಿನಕ್ಸನ್ನು ಶುರು ಮಾಡೋ ಗ್ರಬ್‌ನಲ್ಲಿ ಯಾರಾದರೂ ‘ನೋಮೋಡ್‌ಸೆಟ್’ (ಲಿನಕ್ಸ್ ತಾನೇ ರೆಸಲ್ಯೂಶನ್ ಹೊಂದಿಸೋದನ್ನು ತಡೆಯೋ ಆಯ್ಕೆ) ಸೇರಿಸಿಟ್ಟಿದ್ದರೂ ಹೀಗೇ ಆಗುತ್ತದೆ, ಅದನ್ನು ತೆಗೆದು ನೋಡಿ.

ಕೇಬಲ್ ಬದಲಿಸಿದರೂ ಆಗಲಿಲ್ಲವಾದರೆ ಸಿವಿಟಿ ಕಮಾಂಡಿನಿಂದ ಮೋಡ್‌ಲೈನ್ (ಬೇಕಾದ ರೆಸಲ್ಯೂಶನ್‌ನ ಲೆಕ್ಕವಿರೋ ಸಾಲು) ತೆಗೆದು, ಪರದೆ ಹೊಂದಿಸೋ ಕಮಾಂಡ್ ಆದ ಎಕ್ಸ್‌ರ‍್ಯಾಂಡರ್‌ಗೆ ಕೊಡಿ. ಆದರೆ 1366 ಕೇಳಿದರೆ ಸಿವಿಟಿ 1368 ಕೊಡುತ್ತದೆ, ಯಾಕಂದರೆ ಅಗಲ 8ರಿಂದ ಭಾಗವಾಗಬೇಕು, 1366 ಆಗೋದಿಲ್ಲ. ಇಷ್ಟೆಲ್ಲ ಎಕ್ಸ್‌ಆರ್ಗ್ (ಲಿನಕ್ಸ್‌ನಲ್ಲಿ ಪರದೆಗೆ ಚಿತ್ರ ತರೋ ಹಳೇ ವ್ಯವಸ್ಥೆ) ಸೆಷನ್‌ನಲ್ಲಿ ಮಾತ್ರ. ಅದರ ಬದಲು ಬಂದ ವೇಲ್ಯಾಂಡ್‌ನಲ್ಲಿ ಈ ದಾರಿ ನಡೆಯೋದಿಲ್ಲ.

ಕಲಬುರಗಿಯಿಂದ:
ಒಂದು ಕೇಬಲ್‌ನಲ್ಲಿ ಪಿನ್ ನಿಜಕ್ಕೂ ಬಾಗಿದೆ, ನೋಡಿದೆ. ಆದರೂ ತಲೆಬರಹ ಬೇಕಲ್ವಾ?

ಬೀದರ್‌ನಿಂದ:
‘ಚುಕ್ಕಿಯೆಣಿಕೆ’ ಅನ್ನಿ, ದಟ್ಟಣೆ ಬಿಡುತ್ತೇನೆ. ಆದರೆ ಕನ್ನಡದ ಹಾಳೆಯಲ್ಲಿ ಎಲ್ಲವೂ ಇಂಗ್ಲಿಷ್ ಆದರೆ ಕನ್ನಡ ಯಾಕೆ ಬೇಕು? ಎರವಲಿಗೂ ಒಂದು ಮಿತಿ ಇರಬೇಕು.

ಯಾದಗಿರಿಯಿಂದ:
‘ಪರದೆ’ ಪಾರಸಿಯಿಂದ ಬಂದಿದ್ದು. ಅದು ನಿಮ್ಮ ಮಿತಿಯ ಒಳಗೋ ಹೊರಗೋ?

ಬೀದರ್‌ನಿಂದ:
ಹೊರಗೆ. ‘ತೆರೆ’ ಬರೆಯಿರಿ. ಅಚ್ಚ ಕನ್ನಡ.

ಯಾದಗಿರಿಯಿಂದ:
‘ತೆರೆಯ ಸೆಟ್ಟಿಂಗ್ಸ್ ತೆರೆಯಿರಿ’ ಅಂತ ಬರೆದು ಗೋಡೆಗೆ ಹಚ್ಚಿ ನೋಡಿ. ದಫ್ತರು, ದವಾಖಾನೆ, ಜಮೀನು, ಜರೂರು ಇಲ್ಲದೆ ನಮ್ಮ ಜಿಲ್ಲೆಗಳಲ್ಲಿ ಒಂದು ದಿನ ಕಳೆಯಲಿ ಯಾರಾದರೂ. 1948ರವರೆಗೆ, ನಿಜಾಮರ ಆಡಳಿತದಲ್ಲಿ, ಸರ್ಕಾರಿ ಕಾಗದ ಹೆಚ್ಚಾಗಿ ಉರ್ದುವಿನಲ್ಲಿ ಇತ್ತು, ಆ ಪದಗಳು ಮನೆಯವೇ ಆಗಿಹೋಗಿವೆ. ಅವು ಒಳಗೆ ಬಂದರೆ ಕನ್ನಡ ಕೆಡಲಿಲ್ಲ, ‘ರೆಸಲ್ಯೂಶನ್’ ಬಂದರೆ ಕೆಟ್ಟುಹೋಗುತ್ತದೆಯೇ?

ಸೇಡಂನಿಂದ:
ಬೆರಕೆಯ ಮಾತು ಬಂತಲ್ಲ, ನಮ್ಮ ತಾಲ್ಲೂಕಿನ ಮಳಖೇಡದಲ್ಲೇ, ರಾಷ್ಟ್ರಕೂಟರ ಕಾಲದಲ್ಲೇ, ಕವಿರಾಜಮಾರ್ಗ ಕನ್ನಡ ಮತ್ತು ಸಂಸ್ಕೃತವನ್ನು ಎಲ್ಲಿ ಬೆರೆಸಬಾರದು ಅಂತ ಚರ್ಚೆ ಮಾಡಿದೆ. ಇದು ಹೊಸ ಜಗಳ ಅಲ್ಲ.

ಯಾದಗಿರಿಯಿಂದ:
ಮಳಖೇಡದಲ್ಲಿ ಮಾನಿಟರ್ ಇರಲಿಲ್ಲ. ಅಲ್ಲಿಂದಲೇ ನಿಯಮ ತರೋದಾದರೆ ‘ಪೃಥಕ್ಕರಣ’ವನ್ನೂ ಮೊದಲು ಅದೇ ಒರೆಗೆ ಹಚ್ಚಿ. ಕೇಳಿದವರಿಗೆ ನನ್ನ ಸಲಹೆ ಇಷ್ಟೇ: ಆ ಕಂಪ್ಯೂಟರಿನ ಮೆನುವಿನಲ್ಲಿ ಯಾವ ಪದ ಕಾಣುತ್ತದೋ ಅದನ್ನೇ ಹಾಳೆಯಲ್ಲೂ ಹಾಕಿ. ಹುಡುಗರು ಹಾಳೆ ನೋಡಿ ಮೆನು ಹುಡುಕುತ್ತಾರೆ. ಹಾಳೆಯಲ್ಲಿ ‘ಬಿಡಿಕೆ’, ಮೆನುವಿನಲ್ಲಿ ‘ರೆಸಲ್ಯೂಶನ್’ ಇದ್ದರೆ ಮುಗೀತು.

ಬೀದರ್‌ನಿಂದ:
ಹಾಗಾದರೆ ಮೆನುವನ್ನೇ ತಿದ್ದಿ. ಲಿನಕ್ಸ್ ಅಲ್ವಾ, ಅನುವಾದ ಯಾರು ಬೇಕಾದರೂ ಕಳಿಸಬಹುದು.

ಯಾದಗಿರಿಯಿಂದ:
ನಾಳೆ ಬೆಳಿಗ್ಗೆಯೊಳಗೆ? ಕಳಿಸಿ, ಕಾಯುತ್ತೇವೆ.

ಕಲಬುರಗಿಯಿಂದ:
ತಲೆಬರಹದಲ್ಲಿ ‘ಪರದೆಯ ರೆಸಲ್ಯೂಶನ್ ಸರಿ ಇಲ್ಲದಿದ್ದರೆ’, ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ‘ಅಂದರೆ ಅಡ್ಡ ಮತ್ತು ಉದ್ದದ ಚುಕ್ಕಿಯೆಣಿಕೆ’ ಅಂತ ಹಾಕಿದ್ದೇನೆ. ಮೊದಲ ಸೂಚನೆ ಕೇಬಲ್ ನೋಡಿ ಅಂತಲೇ ಇದೆ. ಹಾಳೆ ಪ್ರಿಂಟಿಗೆ ಹೋಯಿತು, ಇನ್ನು ಬದಲಾವಣೆ ಆಗೋದಿಲ್ಲ.